ಜಿರಾಫೆ ನೀರು ಕುಡಿದ ಪ್ರಸಂಗ

ಬಡಗಿಯಜ್ಜನ ಮುತ್ತಾತ, ತನ್ನ ನಮಸ್ಕಾರಕ್ಕೆ ತಲೆಯಾಡಿಸದ ಸಾಹುಕಾರನ ಮನೆಗೆ ನಾಲ್ಕು ಬೆರಳು ಗಿಡ್ಡ ಬಾಗಿಲು ಕೂರಿಸಿ ಬಂದವನು. ಆ ಸಾಹುಕಾರ ಬದುಕಿರುವಷ್ಟು ದಿನ ತನ್ನ ಮನೆಯೊಳಕ್ಕೇ ತಲೆ ಬಾಗಿಸಿ ಹೋದ. ತಾತ, ಸೂರಿನಿಂದ ಜಾರಿ ಬಿದ್ದಾಗ ಎತ್ತಲು ಬಂದ ನಾಲ್ವರನ್ನೂ ಗದರಿ ಓಡಿಸಿ, ತಾನೇ ಏಣಿ ಹತ್ತಿ, ಉಳಿದಿದ್ದ ಒಂದು ಮೊಳೆ ಹೊಡೆದು, ಕೆಳಗಿಳಿದು, ಆಮೇಲೆ ಸಾವಕಾಶವಾಗಿ ಮೂರ್ಛೆ ಹೋದವನು. ತಂದೆಯೋ, ಇಡೀ ತೊಲೆಯನ್ನು ಒಬ್ಬನೇ ಹೊತ್ತು ಸೊಂಟ ಮುರಿದುಕೊಂಡು, "ಬಗ್ಗಿರೋದು ಬೆನ್ನು, ತಲೆಯಲ್ಲ" ಎಂದವನು. ಇಂಥ ವಂಶದ ಕುಡಿ, ಶಾಲೆಯ ಮೆಟ್ಟಿಲು ತುಳಿಯದೆಯೂ ಅಡಿಕೋಲೊಂದರಿಂದಲೇ ಜಗತ್ತನ್ನು ಅಳೆದು ಮುಗಿಸಿದ್ದ ಬಡಗಿಯಜ್ಜ, ಐದು ವರ್ಷದ ಮೊಮ್ಮಗಳು ಆಡಿದ ಒಂದು ಮಾತಿಗೆ ಕೈಯಲ್ಲಿದ್ದ ಉಳಿಯನ್ನು ಕಾಲ ಮೇಲೆ ಬೀಳಿಸಿಕೊಂಡ.

"ಅಜ್ಜ, ನಿನ್ನ ಕತ್ತಲ್ಲಿ ಏಳು ಮೂಳೆ ಇವೆ. ಜಿರಾಫೆ ಕತ್ತಲ್ಲೂ ಏಳೇ."

"ಯಾರು ಹೇಳಿದ್ದು?"

"ನಮ್ಮ ಟೀಚರ್."

"ನಿಮ್ಮ ಟೀಚರ್ ಒಂದು ಸ್ಟೂಲಾದರೂ ಮಾಡಿದಾರಾ?" ಎಂದು ಅಜ್ಜ ಕಾಲು ಹಿಡಿದುಕೊಂಡೇ ಕೇಳಿದ. "ನನ್ನ ಕತ್ತು ಗೇಣುದ್ದ. ಅದರ ಕತ್ತು ಆರಡಿ. ಎರಡಕ್ಕೂ ಏಳೇ ಕೀಲು ಅಂದ್ರೆ ಯಾವ ಬಡಗಿ ಒಪ್ತಾನೆ? ಈ ಮಡಿಸೋ ಅಡಿಕೋಲು ನೋಡು, ಎರಡಡಿಗೇ ಮೂರು ಕೀಲು."

ವಿಷಯ ಇಷ್ಟು. ಪುಟಾಣಿಗಳ ಶಾಲೆಯಲ್ಲಿ ಒಂದೊಂದು ಮಗುವೂ ಒಂದೊಂದು ಪ್ರಾಣಿಯ ಬೊಂಬೆ ತರಬೇಕು, ಮನೆಯ ಹಿರಿಯರೊಬ್ಬರು ಬಂದು ಅದರ ಬಗ್ಗೆ ನಾಲ್ಕು ಮಾತು ಹೇಳಬೇಕು. ಮೊಮ್ಮಗಳ ಚೀಟಿಯಲ್ಲಿ ಬಂದದ್ದು ಜಿರಾಫೆ. ಮಗಳು ಕೆಲಸಕ್ಕೆ ರಜೆ ಹಾಕುತ್ತೇನೆಂದಾಗ ಅಜ್ಜ ಅಡ್ಡಬಾಯಿ ಹಾಕಿ, "ಬೊಂಬೆಯೂ ನನ್ನದು, ಮಾತೂ ನನ್ನದು" ಎಂದಿದ್ದ. ಮೊಮ್ಮಗಳು ಅಷ್ಟಕ್ಕೇ ತರಗತಿಯಲ್ಲೆಲ್ಲ "ನಮ್ಮಜ್ಜನಿಗೆ ಗೊತ್ತಿಲ್ಲದ್ದೇ ಇಲ್ಲ" ಎಂದು ಡಂಗುರ ಸಾರಿ ಬಂದಿದ್ದಳು. ಒಬ್ಬ ಹುಡುಗಿ ಮಾತ್ರ ನಂಬಲಿಲ್ಲವಂತೆ. ಆ ಹುಡುಗಿಗೆ ಕೆಳಗಿನ ಎರಡು ಹಲ್ಲು ಇಲ್ಲ ಎಂಬುದನ್ನೂ ಮೊಮ್ಮಗಳು ವರದಿ ಮಾಡಿದ್ದಳು.

ಅಜ್ಜ ಕೆತ್ತುತ್ತ ಹೋದಂತೆ ಮೊಮ್ಮಗಳು ಪಕ್ಕದಲ್ಲಿ ಕೂತು ಒಂದೊಂದೇ ಬಾಂಬು ಹಾಕುತ್ತ ಹೋದಳು. ಜಿರಾಫೆ ನಿಂತೇ ಹೆರುತ್ತದೆ, ಮರಿ ಆರಡಿ ಎತ್ತರದಿಂದ ದೊಪ್ಪನೆ ನೆಲಕ್ಕೆ ಬೀಳುತ್ತದೆ, ಬಿದ್ದು ಒಂದು ಗಂಟೆಯೊಳಗೆ ಎದ್ದು ನಿಲ್ಲುತ್ತದೆ ಎಂದಾಗ ಅಜ್ಜ ಉಳಿ ಕೆಳಗಿಟ್ಟ. (ಆರಡಿಯಿಂದ ಬಿದ್ದರೆ ಅವನದೇ ಕೈಯ ಕುರ್ಚಿಯೂ ಏಳುತ್ತಿರಲಿಲ್ಲ.) ನಾಲಿಗೆ ಒಂದೂವರೆ ಅಡಿ, ಬಣ್ಣ ಕಡುನೇರಳೆ ಎಂದಾಗ ಅಡಿಕೋಲು ಬಿಚ್ಚಿ ಒಂದೂವರೆ ಅಡಿ ಅಳೆದು, ದಂಗಾಗಿ ಹೆಂಡತಿಯ ಕಡೆ ನೋಡಿದ.

"ಅಳತೆ ಹಿಡ್ಕೊಂಡು ನನ್ನ ಕಡೆ ಯಾಕೆ ನೋಡ್ತೀರಿ?" ಎಂದಳು ಅಜ್ಜಿ.

"ಅಷ್ಟುದ್ದ ನಾಲಿಗೆ ಇದ್ರೂ ಅದು ಹೆಚ್ಚು ಸದ್ದೇ ಮಾಡಲ್ಲಜ್ಜಿ" ಎಂದಳು ಮೊಮ್ಮಗಳು.

ಅಜ್ಜನಿಗೆ ಇದು ಎಲ್ಲಕ್ಕಿಂತ ದೊಡ್ಡ ಆಘಾತ. "ಕೇಳಿದೆಯಾ?" ಎಂದ.

"ಕೇಳಿದೆ. ಅದರ ಗಂಡ ಹೇಳಿದ ಮಾತು ಕೇಳೋನಿರಬೇಕು" ಎಂದು ಅಜ್ಜಿ ಒಳಗೆ ಹೋದಳು. ಬಾಗಿಲಲ್ಲಿ ತಿರುಗಿ ನಿಂತು ಸೇರಿಸಿದಳು: "ಟೀಚರ್ ಏಳು ಅಂದಿದ್ರೆ ಏಳೇ ಮಾಡಿ. ಹಟಕ್ಕೆ ಬಿದ್ದು ಕುತ್ತಿಗೆಗೆ ತಂದ್ಕೋಬೇಡಿ."

ಅಜ್ಜ ಇಪ್ಪತ್ತೊಂದು ಮಾಡಿದ. ಒಂದೊಂದು ತುಂಡನ್ನೂ ಉಜ್ಜಿ ನುಣುಪು ಮಾಡಿ, ತೂತು ಕೊರೆದು, ದಾರಕ್ಕೆ ಪೋಣಿಸಿ, ಬಿಗಿದು ಕಟ್ಟಿದ.

ಶಾಲೆಯಲ್ಲಿ ಅಜ್ಜನನ್ನು ಮೊಳಕಾಲೆತ್ತರದ ಕೆಂಪು ಕುರ್ಚಿಯಲ್ಲಿ ಕೂರಿಸಿದರು. ಜೊತೆಗೆ ಬಂದಿದ್ದ ಅಜ್ಜಿ ಜಾಣೆ, ಗೋಡೆಗೊರಗಿ ನಿಂತಳು. ಮೊಮ್ಮಗಳು ಬೊಂಬೆಯನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದಳು. ದಾರ ಒಂದು ಕ್ಷಣ ಯೋಚಿಸಿತು, ಆಮೇಲೆ ಸಡಿಲವಾಯಿತು. ಇಪ್ಪತ್ತೊಂದು ಕೀಲಿನ ಕತ್ತು ಕಟಕಟನೆ ಜೋತುಬಿದ್ದು ಅತ್ತಿತ್ತ ಓಲಾಡತೊಡಗಿತು.

"ಇದರ ಬಾಲ ಮುಂದ್ಯಾಕಿದೆ?" ಎಂದಳು ಹಲ್ಲಿಲ್ಲದ ಹುಡುಗಿ.

ತರಗತಿ ಗೊಳ್ಳೆಂದಿತು. ಟೀಚರ್ ನಗು ನುಂಗಿ, "ಕೀಲು ಹೆಚ್ಚಾದ್ರೆ ಕತ್ತು ನಿಲ್ಲಲ್ಲ ಅಂತ ಅಜ್ಜ ಎಷ್ಟು ಚೆನ್ನಾಗಿ ತೋರಿಸಿದ್ರು ನೋಡಿ. ಅದಕ್ಕೇ ಏಳೇ ಮೂಳೆ, ಆದ್ರೆ ಒಂದೊಂದೂ ಇಷ್ಟುದ್ದ" ಎಂದು ಮೊಣಕೈಯಿಂದ ಮುಂದಕ್ಕೆ ಒಂದಿಷ್ಟು ತೋರಿಸಿದರು. ಅಜ್ಜ ಜೋತುಬಿದ್ದ ಕತ್ತಿನ ಕೀಲುಗಳನ್ನು ಮತ್ತೊಮ್ಮೆ ಎಣಿಸಿದ. ಅರವತ್ತು ವರ್ಷ ಮರ ಕೊಯ್ದವನಿಗೆ ಈ ಲೆಕ್ಕ ಹೊಳೆದಿರಲಿಲ್ಲವೇ?

ಅಷ್ಟರಲ್ಲಿ ಹಲ್ಲಿಲ್ಲದ ಹುಡುಗಿ ಎರಡನೆಯ ಬಾಣ ಬಿಟ್ಟಳು. "ಅದು ನೀರು ಹೇಗೆ ಕುಡಿಯುತ್ತೆ?"

ಅಜ್ಜನಿಗೆ ಹೋದ ಜೀವ ಬಂತು. "ಇದೇನು ಮಹಾ. ಅಷ್ಟುದ್ದ ಕತ್ತು ಕೊಟ್ಟಿರೋದೇ ಅದಕ್ಕೆ. ನಿಂತಲ್ಲೇ ನಿಂತು ತಲೆ ಇಳಿಸುತ್ತೆ, ಕುಡಿಯುತ್ತೆ."

ಮೊಮ್ಮಗಳು ಅವನ ತೋಳೆಳೆದು ಕಿವಿಯಲ್ಲಿ ಹೇಳಿದಳು. "ಅಜ್ಜ, ಇಲ್ಲ. ಕಾಲು ಇನ್ನೂ ಉದ್ದ ಅಲ್ವಾ. ಕತ್ತು ನೆಲಕ್ಕೆ ಮುಟ್ಟಲ್ಲ. ಕಾಲು ಅಗಲಿಸಿ ಬಗ್ಗಬೇಕು."

ಅಜ್ಜ ಹೌಹಾರಿದ. ಜಗತ್ತಿನಲ್ಲಿ ಯಾರಿಗೂ ಇಲ್ಲದ ಕತ್ತು, ಅದೂ ನೀರಿಗೆ ಮುಟ್ಟುವುದಿಲ್ಲ. ಇಂಥ ಕೆಲಸ ತಾನು ಮಾಡಿದ್ದರೆ ಗಿರಾಕಿ ಬೊಂಬೆಯನ್ನು ಮುಖಕ್ಕೆ ಎಸೆಯುತ್ತಿದ್ದ. ಮೊಮ್ಮಗಳ ಕೆಳತುಟಿ ನಡುಗುತ್ತಿತ್ತು. "ನಿನಗೆ ಎಲ್ಲಾ ಗೊತ್ತು ಅಂತ ನಾನು ಹೇಳಿಬಿಟ್ಟಿದೀನಿ" ಎಂದಳು ಮೆಲ್ಲಗೆ.

ಆ ತುಟಿ ನೋಡಿದ್ದೇ ಅಜ್ಜ ಕುರ್ಚಿಯಿಂದೆದ್ದ. "ಮಕ್ಕಳಾ, ಈಗ ಹೇಳಿದ್ದು ನಿಮ್ಮನ್ನ ಪರೀಕ್ಷೆ ಮಾಡೋಕೆ. ನನ್ನ ಮೊಮ್ಮಗಳೊಬ್ಬಳೇ ಪಾಸು. ಬಾಯಲ್ಲಿ ಹೇಳೋದೇನು, ಮಾಡೇ ತೋರಿಸ್ತೀನಿ. ಒಂದು ಬೋಗುಣಿ ನೀರಿಡಿ."

"ರೀ, ಮೊಳಕಾಲು" ಎಂದಳು ಗೋಡೆಯ ಕಡೆಯಿಂದ ಅಜ್ಜಿ.

ಅಜ್ಜ ಕಾಲು ಅಗಲಿಸಿದ. ಇನ್ನೂ ಅಗಲಿಸಿದ. ಬಗ್ಗಿದ. ವಂಶದ ನಾಲ್ಕು ತಲೆಮಾರಿನಲ್ಲಿ ಯಾರೂ ಬಗ್ಗದಷ್ಟು ಬಗ್ಗಿ, ಎರಡೂ ಕೈಯನ್ನು ನೆಲಕ್ಕೆ ಊರಿ, ಮೂಗನ್ನು ನೀರಿಗೆ ಅದ್ದಿದ. ಮಕ್ಕಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಲ್ಲಿಲ್ಲದ ಹುಡುಗಿ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಸೊಂಟದಲ್ಲಿ ಲಟಕ್ಕೆಂದ ಶಬ್ದ ಆ ಗದ್ದಲದಲ್ಲಿ ಅಜ್ಜನಿಗೊಬ್ಬನಿಗೇ ಕೇಳಿಸಿತು.

ಚಪ್ಪಾಳೆ ನಿಂತಿತು. ಗಂಟೆ ಹೊಡೆಯಿತು. ಪಕ್ಕದ ತರಗತಿಯವರೂ ಬಾಗಿಲಲ್ಲಿ ಸೇರಿದರು. ಅಜ್ಜ ಹಾಗೆಯೇ ಇದ್ದ.

"ನಿಮ್ಮಜ್ಜ ಯಾಕೆ ಏಳಲ್ಲ?" ಎಂದು ಯಾರೋ ಕೇಳಿದರು.

"ಜಿರಾಫೆಗೆ ಕೂತು ಏಳೋದು, ಬಗ್ಗಿ ಏಳೋದು ಕಷ್ಟ. ಅದಕ್ಕೆ ಎಷ್ಟೋ ಸಲ ನಿಂತೇ ನಿದ್ದೆ ಮಾಡುತ್ತೆ" ಎಂದು ಮೊಮ್ಮಗಳು ಎದೆಯುಬ್ಬಿಸಿ ವಿವರಿಸಿದಳು.

ಟೀಚರ್ ಗಾಬರಿಯಿಂದ ಓಡಿ ಬಂದರು. ಜವಾನ ಒಂದು ತೋಳು ಹಿಡಿಯಲು ಬಂದ. ಅಜ್ಜಿ ಬಗ್ಗಿ, ಗಂಡನ ಕಿವಿಯ ಬಳಿ, "ಸಾಕು ಬನ್ನಿ, ಕೈ ಕೊಡಿ" ಎಂದಳು.

ಬೋಗುಣಿಯೊಳಗಿಂದ ಗುಳುಗುಳು ದನಿ ಬಂತು.

"ದೂರ ನಿಲ್ಲಿ ಎಲ್ಲರೂ. ಯಾರೂ ಮುಟ್ಟಬೇಡಿ. ಜಿರಾಫೆಗೆ ಇನ್ನೂ ಬಾಯಾರಿಕೆ ಇದೆ."