ಸ್ಟೇರಿಂಗ್ ಮೇಲಿನ ಕುಂಕುಮದ ಬೊಟ್ಟು

ವಾಹನ ನಡೆಸುವುದೆಂದರೆ ಅರ್ಧ ಭೌತಶಾಸ್ತ್ರ, ಅರ್ಧ ಸಮಾಧಾನ. ಬಿ.ಎಸ್ಸಿ. ಪದವೀಧರನಾದ್ದರಿಂದ ಮೊದಲನೆಯದು ನನ್ನಲ್ಲಿತ್ತು. ಇಪ್ಪತ್ತೆಂಟು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತಿದ್ದರಿಂದ ಎರಡನೆಯದು ತಾನಾಗಿ ಬಂದಿತ್ತು. ಹಾಗಾಗಿ ಚಾಮರಾಜಪೇಟೆಯ ನಮ್ಮ ಮನೆಯ ಮುಂದೆ ಬಿಳಿ ಬಣ್ಣದ ಹೊಸ ಪಿಕಪ್ ಗಾಡಿ ಬಂದು ನಿಂತಾಗ, ಡ್ರೈವರ್ ಒಬ್ಬನನ್ನು ಇಟ್ಟುಕೊಳ್ಳೋಣವೇ ಎಂದು ಹೆಂಡತಿ ವಿಮಲಾ ಕೇಳಿದ್ದಕ್ಕೆ ನಾನು ನಕ್ಕುಬಿಟ್ಟೆ. ಆ ನಗುವನ್ನು ನೆನೆದರೆ ಈಗ ನನಗೇ ನಾಚಿಕೆಯಾಗುತ್ತದೆ.

ಗಾಡಿ ಕೊಂಡದ್ದು ವಿಮಲಾಳ ಚಕ್ಕುಲಿಗಾಗಿ. ಹತ್ತು ವರ್ಷಗಳಿಂದ ಹಿತ್ತಿಲ ಕೋಣೆಯಲ್ಲಿ ಚಕ್ಕುಲಿ, ಕೋಡುಬಳೆ ಕರಿದು ಸುತ್ತಮುತ್ತಲ ಅಂಗಡಿಗಳಿಗೆ ಕೊಡುತ್ತಿದ್ದವಳಿಗೆ ಮೊದಲ ಬಾರಿ ಮದುವೆಯ ಆರ್ಡರು ಬಂದಿತ್ತು. ನಲವತ್ತು ಡಬ್ಬ ಚಕ್ಕುಲಿ, ಹನುಮಂತನಗರದ ಒಂದು ಛತ್ರಕ್ಕೆ.

"ಇದು ಸರಿಯಾಗಿ ಹೋದ್ರೆ ನಾಲ್ಕು ಜನ ನನ್ನ ಹೆಸರು ಹೇಳ್ತಾರೆ ಕಣ್ರೀ," ಎಂದಿದ್ದಳು. ಸ್ವಲ್ಪ ಹೊತ್ತು ಬಿಟ್ಟು, "ಕೆಟ್ರೂ ಹೇಳ್ತಾರೆ," ಎಂದೂ ಸೇರಿಸಿದ್ದಳು.

ಮದುವೆಗೆ ಹದಿನೈದು ದಿನ ಇರುವಾಗಲೇ ಗಾಡಿಪೂಜೆ ಆಯಿತು. ಶಾಸ್ತ್ರಿಗಳು ಬಾನೆಟ್ಟಿಗೆ ಅರಿಶಿನ ಬಳಿದು, ಹಾರ ಹಾಕಿ, ಸ್ಟೇರಿಂಗ್ ಚಕ್ರದ ಮೇಲ್ತುದಿಗೆ ಸರಿಯಾಗಿ ನಡುವೆ ಕುಂಕುಮದ ಬೊಟ್ಟಿಟ್ಟರು. ನಾಲ್ಕು ಚಕ್ರಗಳಡಿ ನಾಲ್ಕು ನಿಂಬೆಹಣ್ಣು. ಎದುರುಮನೆಯ ಶ್ರೀಕಂಠಯ್ಯನವರು ಎಡಗೈಯಲ್ಲಿ ಫೋನು ಹಿಡಿದು ವಿಡಿಯೋ ಮಾಡುತ್ತಾ, ಬಲಗೈಯಲ್ಲಿ ಬೂದುಗುಂಬಳಕಾಯಿ ಅಪ್ಪಿಕೊಂಡು ಸಿದ್ಧರಾಗಿದ್ದರು. ರಾಹುಕಾಲಕ್ಕೆ ಇನ್ನು ನಾಲ್ಕೇ ನಿಮಿಷ ಎಂದು ಶಾಸ್ತ್ರಿಗಳು ಅವಸರಪಡಿಸಿದರು. ನಾನು ಗೇರು ಹಾಕಿ, ಮುಂದಿನ ನಿಂಬೆಹಣ್ಣಿನ ಮೇಲೆ ಏಕಾಗ್ರಚಿತ್ತನಾಗಿ, ಮನೆಯ ಮುಂದಿನ ಚರಂಡಿಗೆ ಹಾಸಿದ ಚಪ್ಪಡಿಕಲ್ಲನ್ನು ಮರೆತು, ಕ್ಲಚ್ಚು ಬಿಟ್ಟೆ.

ಢಬ್ಬೆಂದು ಸದ್ದಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಕುಂಬಳಕಾಯಿ ಒಡೆಯಿತೆಂದು ನಾನೂ ಕೈಮುಗಿದೆ.

ಇಳಿದು ನೋಡಿದರೆ ಕುಂಬಳಕಾಯಿ ಇನ್ನೂ ಶ್ರೀಕಂಠಯ್ಯನವರ ಕೈಯಲ್ಲೇ ಇತ್ತು!

ಎಡಗಡೆಯ ಮುಂಚಕ್ರ ಕಲ್ಲಿನ ಅಂಚಿಗೆ ಗುದ್ದಿ ಮೇಲೇರಿ ಕೂತಿತ್ತು. ಹಿಂದಕ್ಕೆ ಇಳಿಸಿದೆ. ಗೀರು ಸಣ್ಣದು. ಶುಭಕಾರ್ಯದಲ್ಲಿ ಸಣ್ಣಪುಟ್ಟ ವಿಷಯಗಳನ್ನು ಎತ್ತಬಾರದೆಂದು ನಾನು ಎತ್ತಲಿಲ್ಲ.

ಮರುದಿನದಿಂದ ಗಾಡಿ ಎಡಕ್ಕೆ ಎಳೆಯತೊಡಗಿತು. ನೇರ ಹೋಗಬೇಕಾದರೆ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿ ಹಿಡಿದೇ ಇರಬೇಕು. ಹಾಗೆ ಹಿಡಿದಾಗ ಶಾಸ್ತ್ರಿಗಳ ಬೊಟ್ಟು ನೆತ್ತಿಯಿಂದ ಜಾರಿ ಬಲಗಿವಿಯ ಕಡೆ ಹೋಗುತ್ತಿತ್ತು. ಪಕ್ಕದಲ್ಲಿ ಕೂತ ವಿಮಲಾ ಅದನ್ನೇ ನೋಡುತ್ತಿದ್ದಳು.

"ರೀ, ಬೊಟ್ಟು ಯಾಕೆ ಸೊಟ್ಟಗಿದೆ?"

ನಾನು ಭೌತಶಾಸ್ತ್ರವನ್ನು ಬಿಚ್ಚಿದೆ. ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ಅಂಚಿನ ಕಡೆಗೆ ಇಳಿಜಾರಾಗಿ ಮಾಡಿರುತ್ತಾರೆ. ನಾವು ಎಡಬದಿಯಲ್ಲಿ ಹೋಗುವವರು. ಆದ್ದರಿಂದ ಭೂಮಿಯ ಮೇಲಿನ ಸಕಲ ಭಾರತೀಯ ವಾಹನಗಳೂ ಎಡಕ್ಕೇ ಎಳೆಯುತ್ತವೆ. ಅವಳು ಪೂರ್ತಿ ಕೇಳಿಸಿಕೊಂಡು, ವರ್ಕ್‌ಶಾಪಿನಲ್ಲಿ ಒಮ್ಮೆ ತೋರಿಸಬಾರದೇ ಎಂದಳು. ಶ್ರೀಕಂಠಯ್ಯನವರು ದೃಷ್ಟಿಯಾಗಿದೆ, ಇನ್ನೊಂದು ನಿಂಬೆಹಣ್ಣು ಕಟ್ಟಿ ಎಂದರು. ಇಬ್ಬರ ಅಜ್ಞಾನಕ್ಕೂ ನಾನು ಒಳಗೊಳಗೇ ಮರುಗಿದೆ.

ಆದರೆ ಆ ಬೊಟ್ಟು ನನ್ನನ್ನು ಬಿಡಲಿಲ್ಲ. ಪ್ರತಿ ಸಿಗ್ನಲ್ಲಿನಲ್ಲೂ ಸಾಕ್ಷಿಯಂತೆ ದಿಟ್ಟಿಸುತ್ತಿತ್ತು. ಕೊನೆಗೊಂದು ಬೆಳಗ್ಗೆ ದೇವರ ಮನೆಯಿಂದ ಚಿಟಿಕೆ ಕುಂಕುಮ ತಂದು, ಹಳೆಯ ಬೊಟ್ಟನ್ನು ಒರೆಸಿ, ಗಾಡಿ ನೇರ ಹೋಗುವಾಗ ಚಕ್ರದ ಯಾವ ಜಾಗ ಮೇಲೆ ಬರುತ್ತದೋ ಅಲ್ಲಿ ಹೊಸ ಬೊಟ್ಟಿಟ್ಟೆ. ಚಕ್ರ ಸೊಟ್ಟಗೇ ಇತ್ತು. ಬೊಟ್ಟು ನೆಟ್ಟಗಾಯಿತು. ಸಂಜೆ ವಿಮಲಾ ನೋಡಿ, ಸರಿಹೋಯಿತೇ ಎಂದಳು. ಸಣ್ಣದೊಂದು ಹೊಂದಾಣಿಕೆ ಮಾಡಿದೆ ಎಂದೆ. ಅದು ಸುಳ್ಳಂತೂ ಅಲ್ಲ.

ಅಂದಿನಿಂದ ನಾನು ರಸ್ತೆ ನೋಡುವುದು ಕಡಿಮೆಯಾಗಿ ಬೊಟ್ಟು ನೋಡುವುದು ಹೆಚ್ಚಾಯಿತು. ಬೊಟ್ಟು ಮೇಲಿದ್ದರೆ ಗಾಡಿ ನೇರ. ಇಷ್ಟು ಸುಲಭದ ವಿಜ್ಞಾನ ಕಂಪನಿಯವರಿಗೆ ಹೊಳೆದಿರಲಿಲ್ಲ.

ಮದುವೆ ಭಾನುವಾರ. ಶುಕ್ರವಾರವೇ ನಲವತ್ತು ಡಬ್ಬಗಳನ್ನೂ ಹಿಂದೆ ಪೇರಿಸಿಕೊಂಡು ಹೊರಟೆವು. ಗವಿಪುರದ ಇಳಿಜಾರಿನಲ್ಲಿ ಎಡಬದಿಗೆ ಒಂದು ಹೊಂಗೆಮರ. ಅದರ ಕೆಳಗೆ ಹೂವಿನ ಅಜ್ಜಿಯೊಬ್ಬರು ಬುಟ್ಟಿ ಇಟ್ಟುಕೊಂಡು ಮಲ್ಲಿಗೆ ಕಟ್ಟುತ್ತಿದ್ದರು. ಗಾಡಿ ಎಷ್ಟು ಸೊಗಸಾಗಿ ಹೋಗುತ್ತಿತ್ತೆಂದರೆ, ನನಗೆ ಹೆಂಡತಿಯ ಮುಂದೆ ಒಂದು ಪ್ರಯೋಗ ಮಾಡಿ ತೋರಿಸುವ ಮನಸ್ಸಾಯಿತು.

"ನೋಡು ವಿಮಲಾ. ಕೈ ಬಿಟ್ರೂ ನೆಟ್ಟಗೆ ಹೋಗುತ್ತೆ."

ಬಿಟ್ಟೆ.

ಆಮೇಲಿನ ಎರಡು ಕ್ಷಣ ಈಗಲೂ ಕಣ್ಣು ಮುಚ್ಚಿದರೆ ಬರುತ್ತವೆ. ಸ್ಟೇರಿಂಗ್ ತನ್ನಷ್ಟಕ್ಕೆ ತಿರುಗಿತು. ಹೊಂಗೆಮರ ದೊಡ್ಡದಾಯಿತು. ಅಜ್ಜಿ ತಲೆ ಎತ್ತಿದರು, ಕೈಯಲ್ಲಿ ದಾರ ಹಾಗೇ ಇತ್ತು. ವಿಮಲಾ ನನ್ನ ತೋಳನ್ನು ಹಿಡಿದಳು. ನನ್ನ ಕಾಲು ನನ್ನ ಅಪ್ಪಣೆಗೂ ಕಾಯದೆ ಬ್ರೇಕನ್ನು ತುಳಿದಿತ್ತು. ಗಾಡಿ ನಿಂತಾಗ ಬಂಪರಿಗೂ ಬುಟ್ಟಿಗೂ ನಡುವೆ ಉಳಿದದ್ದು ಒಂದು ಮೊಳ. ಅಜ್ಜಿಯೇ ಮೊಣಕೈ ಊರಿ ಅಳೆದು ನೋಡಿದರು.

"ಹೂವ ಬೇಕಂದ್ರೆ ಇಳ್ದು ಬಂದು ಕೇಳಬಾರ್ದಾ ಸ್ವಾಮಿ? ಗಾಡಿನೂ ಕರ್ಕೊಂಡೇ ಬರಬೇಕಾ?"

ಹಿಂದೆ ಡಬ್ಬಗಳು ಒಂದರ ಮೇಲೊಂದು ಉರುಳಿದ್ದವು. ವಿಮಲಾ ಒಂದೊಂದೇ ಮುಚ್ಚಳ ತೆಗೆದು ನೋಡಿದಳು. ಒಳಗೆ ಒಂದು ಚಕ್ಕುಲಿಯೂ ದುಂಡಗಿರಲಿಲ್ಲ. ಮನೆಗೆ ಬಂದು ಸೆರಗು ಸಿಕ್ಕಿಸಿ ಮತ್ತೆ ಹಿಟ್ಟು ಕಲಸಲು ಕೂತಳು. ಇನ್ನೊಂದೂವರೆ ದಿನದಲ್ಲಿ ನಲವತ್ತು ಡಬ್ಬ!

ನಾನು ಗಾಡಿಯನ್ನು ಆಮೆಯಂತೆ ವರ್ಕ್‌ಶಾಪಿಗೆ ತೆಗೆದುಕೊಂಡು ಹೋದೆ. ಚಕ್ರಗಳಿಗೆ ಯಂತ್ರ ಕಟ್ಟಿ, ಪರದೆಯ ತುಂಬ ಕೆಂಪು ಅಂಕಿಗಳನ್ನು ನೋಡಿದ ಮೆಕ್ಯಾನಿಕ್ಕು, ಎಲ್ಲಾದರೂ ಹತ್ತಿಸಿದಿರಾ ಸಾರ್ ಎಂದು ಕೇಳಿದ. ಗಾಡಿ ಕಾರ್ಖಾನೆಯಿಂದಲೇ ಹೀಗೆ ಬಂದಿರುವ ಸಾಧ್ಯತೆಯನ್ನು ಗಂಭೀರವಾಗಿ ಪರಿಶೀಲಿಸತಕ್ಕದ್ದು ಎಂದು ನಾನು ಒಬ್ಬ ಮಾಜಿ ಬ್ಯಾಂಕ್ ಅಧಿಕಾರಿಯ ಧ್ವನಿಯಲ್ಲಿ ಹೇಳಿದೆ. ಅವನು ಎಡಚಕ್ರದ ಅಂಚಿಗೆ ಬೆರಳು ಹಾಕಿ ಏನನ್ನೋ ಕಿತ್ತು ನನ್ನ ಅಂಗೈಗೆ ಹಾಕಿದ. ಕಲ್ಲಿನ ಒಂದು ಚೂರು. ಅದಕ್ಕೆ ಅಂಟಿಕೊಂಡಿದ್ದ ಒಣಗಿದ ನಿಂಬೆಸಿಪ್ಪೆ.

"ಪೂಜೆ ಜೋರಾಗೇ ಆಗಿದೆ ಸಾರ್," ಎಂದ.

ಶನಿವಾರ ಸಂಜೆ ವರ್ಕ್‌ಶಾಪಿನ ಡ್ರೈವರೊಬ್ಬ ಗಾಡಿಯನ್ನು ಮನೆಗೆ ತಂದು ಬಿಟ್ಟು, ಈಗ ಬಾಣದ ಹಾಗೆ ಹೋಗುತ್ತದೆ ಎಂದು ಹೇಳಿ ಹೋದ. ಚಕ್ರ ನೆಟ್ಟಗಾಗಿತ್ತು, ಸ್ಟೇರಿಂಗ್ ನೆಟ್ಟಗಾಗಿತ್ತು. ಇಡೀ ಗಾಡಿಯಲ್ಲಿ ಸೊಟ್ಟಗಿದ್ದದ್ದು ಈಗ ನಾನಿಟ್ಟ ಬೊಟ್ಟೊಂದೇ. ಅದನ್ನು ಒರೆಸುವುದು ನನಗೆ ನೆನಪಾಗಲಿಲ್ಲ.

ಭಾನುವಾರ ಬೆಳಗ್ಗೆ ಏಳೂವರೆಗೆ ಹೊರಟೆವು. ವಿಮಲಾ ಈ ಸಲ ಡಬ್ಬಗಳ ಕೆಳಗೆ ನಮ್ಮ ಹಾಸಿಗೆಯನ್ನೇ ಹಾಸಿ, ಮೇಲೆ ಹಗ್ಗ ಬಿಗಿದಿದ್ದಳು. ಎರಡು ದಿನದಲ್ಲಿ ಅವಳ ಬೆರಳುಗಳು ಊದಿಕೊಂಡಿದ್ದವು. ಚಾಮರಾಜಪೇಟೆಯ ಗಿಜಿಗಿಜಿಯಲ್ಲಿ ತಿರುವಿನ ಮೇಲೆ ತಿರುವು, ಬೊಟ್ಟು ಎಲ್ಲಿದೆಯೆಂದು ನೋಡುವ ಪುರಸೊತ್ತೇ ಸಿಗಲಿಲ್ಲ. ಅದೇ ಗವಿಪುರದ ಇಳಿಜಾರು ಬಂತು. ಹೊಂಗೆಮರದ ಕೆಳಗೆ ನೋಡಿದೆ. ಅಜ್ಜಿ ಇಲ್ಲ! ನಿರಾಳವಾಗಿ ಉಸಿರು ಬಿಟ್ಟು ಸ್ಟೇರಿಂಗ್ ಕಡೆ ಕಣ್ಣು ಹಾಯಿಸಿದೆ.

ಬೊಟ್ಟು ಎಡಕ್ಕೆ ವಾಲಿತ್ತು.

ಹತ್ತು ದಿನದ ಅಭ್ಯಾಸ. ಕೈ ನನ್ನನ್ನು ಕೇಳಲಿಲ್ಲ. ಬೊಟ್ಟನ್ನು ಮೇಲಕ್ಕೆ ತಂದಿತು. ಬಾಣದಂತೆ ಹೋಗುತ್ತಿದ್ದ ಗಾಡಿ ಬಾಣದಂತೆಯೇ ಬಲಕ್ಕೆ ತಿರುಗಿ, ರಸ್ತೆ ದಾಟಿ, ಎದುರುಬದಿಯ ಕಾಂಪೌಂಡ್ ಗೋಡೆಯತ್ತ ನುಗ್ಗಿತು. ಬೆಳಗಿನ ಹೊತ್ತಾದ್ದರಿಂದ ಎದುರಿಗೆ ವಾಹನ ಇರಲಿಲ್ಲ. ಅದು ನನ್ನ ಜಾಣತನವಲ್ಲ, ಯಾರದೋ ಪುಣ್ಯ. ಬ್ರೇಕು ಹಾಕಿ, ಕಣ್ಣು ಬಿಟ್ಟೆ.

ಬಂಪರಿನ ಮುಂದೆ ಒಂದು ಬುಟ್ಟಿ. ಬುಟ್ಟಿಯ ಹಿಂದೆ ಅಜ್ಜಿ.

"ನಿಮ್ಮ ದೆಸೆಯಿಂದಾನೇ ಈ ಕಡೆ ಬಂದ್ ಕೂತ್ಕೊಂಡೆ ಸ್ವಾಮಿ," ಎಂದರು ಅಜ್ಜಿ. "ಇನ್ನೆಲ್ಲಿಗೆ ಹೋಗ್ಲಿ ಹೇಳಿ. ಮರದ ಮೇಲಕ್ಕಾ?"

ನಾನು ಸ್ಟೇರಿಂಗ್ ಮೇಲೆ ಹಣೆಯಿಟ್ಟು, ಬೊಟ್ಟಿನ ಕಥೆಯನ್ನೆಲ್ಲ ಅಲ್ಲೇ ಹೆಂಡತಿಗೆ ಹೇಳಿಬಿಟ್ಟೆ. ವಿಮಲಾ ಪೂರ್ತಿ ಕೇಳಿದಳು. ನನ್ನ ಹಣೆಗೆ ಅಂಟಿದ್ದ ಕುಂಕುಮವನ್ನು ಸ್ವಲ್ಪ ಹೊತ್ತು ನೋಡಿದಳು.

"ಈಗ ಸರಿಯಾದ ಜಾಗಕ್ಕೆ ಬಂತು," ಎಂದು ಕೆಳಗಿಳಿದಳು.

ಇಳಿದವಳು ಎರಡು ಆಟೋ ನಿಲ್ಲಿಸಿ, ಹಗ್ಗ ಬಿಚ್ಚಿ, ನಲವತ್ತು ಡಬ್ಬಗಳನ್ನೂ ಅವುಗಳಲ್ಲಿ ತುಂಬಿಸಿದಳು. ಹಾಸಿಗೆಯ ಪುಣ್ಯದಿಂದ ಒಂದು ಚಕ್ಕುಲಿಯೂ ಮುರಿದಿರಲಿಲ್ಲ. ಹೊಸ ಗಾಡಿಯ ಕಣ್ಣೆದುರಿಗೇ ಚಕ್ಕುಲಿ ಆಟೋದಲ್ಲಿ ಮೆರವಣಿಗೆ ಹೋಯಿತು. ಛತ್ರಕ್ಕೆ ಹೊತ್ತಿಗೆ ಸರಿಯಾಗಿ ತಲುಪಿತಂತೆ. ನಾಲ್ಕು ಜನ ಹೆಸರನ್ನೂ ಹೇಳಿದರಂತೆ. ನನಗೆ ಹೇಗೆ ಗೊತ್ತಾಗಬೇಕು, ನಾನು ರಸ್ತೆಬದಿಯಲ್ಲಿ ಹಾಸಿಗೆ ಕಾಯುತ್ತಿದ್ದೆ.

ಈಗ ಗಾಡಿ ಓಡಿಸುವುದು ವಿಮಲಾ. ಎರಡೇ ತಿಂಗಳಲ್ಲಿ ಕಲಿತಳು. ಅವಳು ಭೌತಶಾಸ್ತ್ರ ಓದಿಲ್ಲ, ರಸ್ತೆ ನೋಡುತ್ತಾಳೆ. ನಾನು ದಿನಾ ಸಂಜೆ ಗವಿಪುರಕ್ಕೆ ನಡೆದುಕೊಂಡೇ ಹೋಗಿ ಅಜ್ಜಿಯ ಬಳಿ ಎರಡು ಮೊಳ ಮಲ್ಲಿಗೆ ಕೊಳ್ಳುತ್ತೇನೆ. ಕಾಲಿಗೆ ಚಪ್ಪಲಿ ಬಿಟ್ಟರೆ ಬೇರೆ ಯಾವ ವಾಹನವೂ ಇರುವುದಿಲ್ಲ. ಆದರೂ ದೂರದಲ್ಲಿ ನನ್ನನ್ನು ಕಂಡ ಕೂಡಲೇ ಅಜ್ಜಿ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಳ್ಳುತ್ತಾರೆ.