ಉಕ್ಕಿನಪ್ಪನ ಗಂಟಲು

ಈ ಭಾನುವಾರ ಸಂಜೆ ಆರು ಗಂಟೆಯ ನಂತರ ನಮ್ಮ ಬೀದಿಯಲ್ಲಿ ಯಾರೊಬ್ಬರೂ ನನ್ನನ್ನು ‘ಮೂರನೇ ಮನೆ ಸಣಕಲು’ ಎನ್ನಕೂಡದು! ಹಾಗೆಂದು ನಾನು ಕನ್ನಡಿಯ ಮುಂದೆ ನಿಂತು ಘೋರ ಪ್ರತಿಜ್ಞೆ ಮಾಡಿದೆ.

ಕಾರಣವಿತ್ತು. ಆ ಸಂಜೆ ಟಿವಿಯಲ್ಲಿ ‘ಉಕ್ಕಿನಪ್ಪ’ ಧಾರಾವಾಹಿಯ ಮೊದಲ ಕಂತು. ಉರುಳುವ ಬಸ್ಸನ್ನು ಒಂದು ಕೈಯಲ್ಲಿ ತಡೆದು, ಇನ್ನೊಂದು ಕೈಯಲ್ಲಿ ಮಗುವಿಗೆ ಹಾಲಿನ ಬಾಟಲಿ ಹಿಡಿಯುವ ಮಹಾವೀರನ ಕಥೆ. ತೋಳು, ಎದೆ, ಮೀಸೆ ಎಲ್ಲ ಯಾರೋ ನಟನದು. ಗಂಟಲು ಮಾತ್ರ ಸಾಕ್ಷಾತ್ ನನ್ನದು! ಹೌದು, ನಾನು ಡಬ್ಬಿಂಗ್ ಕಲಾವಿದ. ಇಷ್ಟು ವರ್ಷ ಪೊಲೀಸ್ ಪೇದೆಗೆ, ಎರಡನೇ ಕಳ್ಳನಿಗೆ, ಗುಂಪಿನಲ್ಲಿ ‘ಓಡ್ರೋ ಓಡ್ರೋ’ ಎನ್ನುವವನಿಗೆ, ಒಮ್ಮೆ ಒಂದು ಮಾತಾಡುವ ಕುದುರೆಗೆ ಧ್ವನಿ ಕೊಟ್ಟು ಸವೆದವನಿಗೆ ಮೊಟ್ಟಮೊದಲ ಸಲ ನಾಯಕನ ಪಾತ್ರ ಸಿಕ್ಕಿತ್ತು. ಆದರೆ ನಮ್ಮ ಹೆಸರು ಪರದೆಯ ಮೇಲೆ ಬರುವುದಿಲ್ಲ. ಹಾಗಾಗಿ ನಾನೇ ಡಂಗುರ ಹೊಡೆದುಕೊಂಡೆ.

ಎರಡನೇ ಕ್ಲಾಸಿನ ಮಗಳೂ ಶಾಲೆಯಲ್ಲಿ ಅದೇ ಡಂಗುರ ಹೊಡೆದಳು. ಅವಳ ಬೆಂಚಿನಲ್ಲೇ ಕೂರುವ, ಪಕ್ಕದ ಮನೆ ಟೀಚರಮ್ಮನ ಮೊಮ್ಮಗಳು ಮಾತ್ರ, “ನಿಮ್ಮಪ್ಪಾನಾ? ಬಂಡಲ್ ಬಿಡ್ಬೇಡ ಹೋಗೇ” ಎಂದಳಂತೆ. ಅಂದಿನಿಂದ ಇಡೀ ಕ್ಲಾಸು ನನ್ನ ಮಗಳನ್ನು ‘ಬಂಡಲ್’ ಎಂದೇ ಕರೆಯತೊಡಗಿತು. ಊದಿದ ಮುಖ ಹೊತ್ತು ಮನೆಗೆ ಬಂದವಳು ನನ್ನ ಮುಂದೆ ನಿಂತಳು.

“ಅಪ್ಪಾ, ನೀನೇ ಅಂತ ಅವಳಿಗೆ ತೋರಿಸ್ತೀಯಾ?”

“ತೋರಿಸೋದೇನು! ಭಾನುವಾರ ಅವಳನ್ನೂ ಅವಳಜ್ಜೀನೂ ಕರಿ. ಟಿವೀಲಿ ಉಕ್ಕಿನಪ್ಪ ಡೈಲಾಗ್ ಹೊಡೀತಿದ್ದ ಹಾಗೇ ನಾನಿಲ್ಲಿ ನಿಂತು ಅದನ್ನೇ ಹೊಡೀತೀನಿ. ಈ ಸೋಫಾ ಗಡಗಡ ನಡುಗ್ಬೇಕು!”

ನನ್ನವಳು ಬಟ್ಟೆ ಮಡಿಸುತ್ತಲೇ, “ಮೊದ್ಲು ಅದರ ಮುರಿದ ಕಾಲು ಸರಿ ಮಾಡ್ಸಿ. ಅದು ನೀವು ಸುಮ್ನಿದ್ರೂ ನಡುಗುತ್ತೆ” ಎಂದಳು.

ಗಂಟಲನ್ನೇ ನಂಬಿದವರು ಇಂಥ ದಿನಗಳಲ್ಲಿ ಅದಕ್ಕೆ ವಿಶ್ರಾಂತಿ ಕೊಡುತ್ತಾರೆ. ಆದರೆ ಬೀದಿಯವರು ಕೊಡಬೇಕಲ್ಲ! ಇಸ್ತ್ರಿ ಅಂಗಡಿಯವರು “ಉಕ್ಕಿನಪ್ಪನ ಡೈಲಾಗ್ ಒಂದ್ಸಲ ಹೇಳಿ ಸಾರ್” ಎಂದರು. “ಹೆದರಬೇಡ ಮಗಳೇ, ಅಪ್ಪ ಇದ್ದಾನೆ!” ಎಂದು ಗರ್ಜಿಸಿದೆ. ಕ್ಷೌರದ ಅಂಗಡಿಯಲ್ಲಿ ಮುಖಕ್ಕೆ ಸೋಪು ಹಚ್ಚಿಸಿಕೊಂಡೇ ಗರ್ಜಿಸಿದೆ. ಕತ್ತಿ ಹಿಡಿದವರು ಬೆಚ್ಚಿಬಿದ್ದರು, ನನ್ನ ಎಡಮೀಸೆ ಹಾರಿಹೋಯಿತು. ಸರಿಸಮ ಮಾಡಲು ಬಲಮೀಸೆಯನ್ನೂ ಬಲಿಕೊಡಬೇಕಾಯಿತು. ಇಷ್ಟಕ್ಕೂ ಬುದ್ಧಿ ಬಂತೇ? ಭಾನುವಾರ ಬೆಳಿಗ್ಗೆ ಮಾಳಿಗೆ ಹತ್ತಿ, ಪಾರಿವಾಳಗಳನ್ನೇ ಪ್ರೇಕ್ಷಕರನ್ನಾಗಿಸಿ, ಪೂರ್ಣ ಶಕ್ತಿಯಿಂದ ಅಭ್ಯಾಸಕ್ಕೆ ನಿಂತೆ. “ಹೆದರಬೇಡ ಮಗಳೇ, ಅಪ್ಪ ಇದ್ದಾ...” ಅಷ್ಟೇ! ‘ನೆ’ ಎಂಬುದು ಹೊರಗೆ ಬರಲೇ ಇಲ್ಲ. ಪಾರಿವಾಳಗಳು ಮರ್ಯಾದೆಯಿಂದ ಎದ್ದುಹೋದವು.

ಕೆಳಗಿಳಿದು ನನ್ನವಳನ್ನು ಕರೆದೆ. ಬಾಯಿಂದ ಬಂದದ್ದು “ಕುಂಯ್!”

“ಏನ್ರೀ ಅದು? ಬೆಕ್ಕು ತುಳಿದ್ರಾ?”

ವಿಷಯ ತಿಳಿದ ಮೇಲೆ ಮನೆಯೇ ಆಸ್ಪತ್ರೆಯಾಯಿತು. ಉಪ್ಪುನೀರು ಮುಕ್ಕಳಿಸಿದೆ. ಶುಂಠಿ ಅಗಿದೆ. ತಲೆಗೆ ಟವೆಲ್ ಹೊದ್ದು ಹಬೆ ಹಿಡಿದೆ. ಮಗಳು ಜೇನುತುಪ್ಪದ ಬಾಟಲಿಯನ್ನು ಅನಾಮತ್ತಾಗಿ ನನ್ನ ಬಾಯಿಗೆ ಬಗ್ಗಿಸಿದಳು. ಸಂಜೆಯ ಹೊತ್ತಿಗೆ ಹೊಟ್ಟೆಯಲ್ಲಿ ಎಲ್ಲವೂ ಇತ್ತು, ಗಂಟಲಲ್ಲಿ ಏನೂ ಇರಲಿಲ್ಲ.

“ಅಪ್ಪಾ, ಒಂದೇ ಒಂದ್ಸಲಾನೂ ಬರಲ್ವಾ?” ಎಂದು ಕೇಳಿದಾಗ ಮಗಳ ಕಣ್ಣು ತುಂಬಿತ್ತು. ನಾನು ಇನ್ನೊಂದು ತುಂಡು ಶುಂಠಿ ಬಾಯಿಗೆ ಹಾಕಿಕೊಂಡೆ.

ಅಷ್ಟರಲ್ಲಿ ಅತಿಥಿಗಳು ಬಂದೇಬಿಟ್ಟರು. ಟೀಚರಮ್ಮ ಜೀವಮಾನವಿಡೀ ಗಣಿತ ಕಲಿಸಿದವರು. ಸಾಧಿಸಿ ತೋರಿಸದ ಹೊರತು ಎರಡೂ ಎರಡೂ ನಾಲ್ಕು ಎಂಬುದನ್ನೂ ಒಪ್ಪುವವರಲ್ಲ.

“ಎಲ್ಲಿ, ನಿಮ್ಮ ಕಂಚಿನ ಕಂಠ ಸ್ವಲ್ಪ ಕೇಳೋಣ” ಎಂದರು.

“ಕುಂಯ್.”

ಮೊಮ್ಮಗಳು ಚಪ್ಪಾಳೆ ತಟ್ಟಿದಳು. “ಅಜ್ಜೀ, ಇವರು ಉಕ್ಕಿನಪ್ಪ ಅಲ್ಲ, ತಗಡಿನಪ್ಪ!”

ನಾನು ಗಂಟಲು ಮುಟ್ಟಿ, ಮಾಳಿಗೆ ತೋರಿಸಿ, ಪಾರಿವಾಳದಂತೆ ಕೈ ಬಡಿದೆ. ನನ್ನವಳು ಅನುವಾದಿಸಿದಳು: “ಮೇಲೆ ನಿಂತು ಕೂಗಿ ಕೂಗಿ ಗಂಟಲು ಕಟ್ಟಿದೆ ಅಂತಿದಾರೆ.”

“ಒಳ್ಳೇ ದಿನ ನೋಡ್ಕೊಂಡೇ ಕಟ್ಟಿದೆ” ಎಂದು ಟೀಚರಮ್ಮ ಚಹಾದ ಲೋಟ ಎತ್ತಿಕೊಂಡರು.

ಧಾರಾವಾಹಿ ಶುರುವಾಯಿತು. ಬಸ್ಸು ಉರುಳಿತು. ಉಕ್ಕಿನಪ್ಪ ಹಾರಿ ಬಂದ. “ಹೆದರಬೇಡ ಮಗಳೇ, ಅಪ್ಪ ಇದ್ದಾನೆ!” ಆಹಾ, ಏನು ಗಾಂಭೀರ್ಯ, ಏನು ಗತ್ತು! ನನಗೇ ಮೈ ಜುಮ್ಮೆಂದಿತು. ನಟನ ತುಟಿಗೆ ನನ್ನ ಮಾತು ಕೂರಿಸುವುದು ನನ್ನ ಕಸುಬು. ಅಂದು ಆ ಮಾತಿಗೆ ನನ್ನ ತುಟಿಯನ್ನೇ ಕೂದಲೆಳೆಯಷ್ಟೂ ತಪ್ಪದಂತೆ ಕೂರಿಸಿದೆ.

“ಅಂಕಲ್ ಬರೀ ಬಾಯಿ ಅಲ್ಲಾಡಿಸ್ತಿದಾರೆ!” ಎಂದಳು ಮೊಮ್ಮಗಳು. ನನ್ನ ಮಗಳು ಸದ್ದಿಲ್ಲದೆ ಮೇಜಿನ ಕೆಳಗೆ ತೂರಿಕೊಂಡಳು.

ಪರದೆಯ ಮೇಲೆ ಊರು ಉಳಿಯಿತು. ಉಕ್ಕಿನಪ್ಪ ಮನೆಗೆ ಬಂದ. ಅವನ ಹೆಂಡತಿಯೂ ವೀರವನಿತೆ. ಮಗುವನ್ನು ಅವನ ಮಡಿಲಿಗೆ ಹಾಕಿ, “ಈಗ ನನ್ನ ಪಾಳಿ” ಎಂದು ಕಿಟಕಿಯಿಂದ ಹಾರಿಹೋದಳು. ಮಗು ಕಿಟಾರನೆ ಕಿರುಚಿತು. ಮಹಾವೀರ ಸೋಫಾಕ್ಕೆ ಒರಗಿದವನೇ ಕಣ್ಣು ಮುಚ್ಚಿದ.

“ಘೊರ್‍ರ್‍ರ್... ಪುಸ್... ಪುಸ್... ಕಿರ್‍ರ್!”

ಟೀಚರಮ್ಮನ ಲೋಟ ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು.

“ತಡೀರಿ! ಎರಡು ಸಲ ಪುಸ್, ಆಮೇಲೆ ಕಿರ್‍ರ್! ನನ್ನ ಮಂಚದ ಗೋಡೆ ಆಚೆಯಿಂದ ದಿನಾ ಬರೋದು ಇದೇ! ಇವರದೇ! ನೂರು ಜನ ಗೊರಕೆ ಹೊಡೆದ್ರೂ ಇದನ್ನ ಗುರುತು ಹಿಡೀತೀನಿ!”

ನನ್ನವಳೂ ಸೋಫಾದಿಂದ ಎದ್ದಳು. “ಅಯ್ಯೋ, ಹೌದ್ರೀ! ಇವಳು ಕೂಸಾಗಿದ್ದಾಗ ಹೀಗೇ ಕಿರುಚ್ತಿದ್ಳು, ನೀವು ಹೀಗೇ ಪುಸ್ ಅಂತಿದ್ರಿ!”

ನಾನು ಗೊರಕೆಯ ದೃಶ್ಯಕ್ಕೆ ಧ್ವನಿಯನ್ನೇ ಕೊಟ್ಟಿರಲಿಲ್ಲ! ಆಮೇಲೆ ಹೊಳೆಯಿತು. ಒಂದು ದಿನ ಸ್ಟುಡಿಯೋದಲ್ಲಿ ಯಂತ್ರ ಕೆಟ್ಟು, ಕಾಯುತ್ತಾ ಕೂತಲ್ಲೇ ತೂಕಡಿಸಿದ್ದೆ. ರೆಕಾರ್ಡಿಂಗ್ ಮಾಡುವ ಮಹಾಶಯ ಯಂತ್ರ ಸರಿಯಾದ ಮೇಲೂ ನನ್ನನ್ನು ಎಬ್ಬಿಸದೆ, ಮೈಕು ಹಾಕಿ ಕೂತಿದ್ದಾನೆ!

ಮೊಮ್ಮಗಳು ಮೇಜಿನ ಕೆಳಗೆ ಬಗ್ಗಿದಳು. “ಸಾರಿ ಕಣೇ. ನಿಮ್ಮಪ್ಪ ನಿಜವಾಗ್ಲೂ ಟಿವೀಲಿದಾರೆ. ನಾಳೆ ಎಲ್ರಿಗೂ ನಾನೇ ಹೇಳ್ತೀನಿ.”

ಮಗಳು ಚೆಂಡಿನಂತೆ ಪುಟಿದು ಬಂದು ನನ್ನ ಕೊರಳಿಗೆ ಜೋತುಬಿದ್ದಳು. ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಅದರ ಜೊತೆಗೇ ಅಹಂಕಾರವೂ ಮರಳಿ ಬಂತು. ಎದೆಯುಬ್ಬಿಸಿ, ಟಿವಿಯನ್ನೂ ನನ್ನ ಗಂಟಲನ್ನೂ ಬೆರಳಿಂದ ಪದೇಪದೇ ತೋರಿಸಿದೆ: ಗೊರಕೆಯೊಂದೇ ಅಲ್ಲ ತಾಯೀ, ಗರ್ಜನೆಯೂ ನನ್ನದೇ!

“ಅದೆಲ್ಲ ಬೇಡ ಬಿಡಿ” ಎಂದರು ಟೀಚರಮ್ಮ. “ಗೊರಕೆ ನಿಮ್ದು ಅಂತ ಸಾಧಿಸಿ ಆಯ್ತು. ಮಾತಿಗೆ ಯಾರೋ ದೊಡ್ಡ ಕಲಾವಿದರನ್ನ ಕರೆಸಿರ್ತಾರೆ.”

ಇದನ್ನು ಹೇಗೆ ಸಹಿಸುವುದು? ಪ್ರತಿಭಟಿಸಲು ಬಾಯಿ ತೆರೆದೆ. “ಕುಂಯ್” ಎನ್ನುವಷ್ಟರಲ್ಲಿ ಮಗಳು ನನ್ನ ಬಾಯಿ ಮುಚ್ಚಿ, ಕಿವಿಯಲ್ಲಿ ಪಿಸುಗುಟ್ಟಿದಳು:

“ಸುಮ್ನಿರಪ್ಪಾ! ಮಾತೂ ನಂದೇ ಅಂದ್ರೆ, ಅವಳು ಗೊರಕೇನೂ ನಂಬಲ್ಲ!”