ಆರಕ್ಷರದ ಕಾನೂನು

ನಾನು ಅಚ್ಚುಮನೆಯಲ್ಲಿ ಕರಡು ತಿದ್ದುವವನು. ಇಪ್ಪತ್ತು ವರ್ಷದಿಂದ ಬೇರೆಯವರ ತಪ್ಪು ಹುಡುಕಿಯೇ ಹೊಟ್ಟೆ ಹೊರೆಯುತ್ತಿದ್ದೇನೆ. (ಮನೆಯಲ್ಲಿ ಈ ವಿದ್ಯೆಗೆ ಸಂಬಳವಿಲ್ಲ, ಮರ್ಯಾದೆಯಂತೂ ಮೊದಲೇ ಇಲ್ಲ.) ಹೀಗಾಗಿ ನಮ್ಮ ಏಳು ತಿಂಗಳ ಮಗಳ ಎಡಗೆನ್ನೆಯ ಮೇಲೆ ಕೆಂಪು ಗುಳ್ಳೆಗಳು ಎದ್ದಾಗ ಅಪರಾಧಿಯನ್ನು ಹಿಡಿಯುವ ಹೊಣೆ ನನ್ನ ಹೆಗಲೇರಿತು. ಏರಿಸಿದವರು ಯಾರೂ ಇಲ್ಲ, ನಾನೇ ಏರಿಸಿಕೊಂಡೆ.

ಬಚ್ಚಲುಮನೆಯ ಕಪಾಟಿನಲ್ಲಿದ್ದ ಡಬ್ಬಿ, ಟ್ಯೂಬು, ಬಾಟಲಿಗಳನ್ನೆಲ್ಲ ಊಟದ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದೆ. ಹಿಂಬದಿಯ ಸಣ್ಣಕ್ಷರ ಓದುವುದು ನನಗೆ ನೀರು ಕುಡಿದಷ್ಟು ಸುಲಭ. ಓದಿದ್ದು ಅರ್ಥವಾಗುವುದು ಬೇರೆ ಮಾತು. ಆದ್ದರಿಂದ ಒಂದು ಕಾನೂನು ಮಾಡಿದೆ: ಆರಕ್ಷರ ಮೀರಿದ ಹೆಸರು ಯಾವುದರಲ್ಲಿ ಕಂಡರೂ ಅದು ಮನೆಯಿಂದ ಗಡಿಪಾರು. ಮಗುವಿನ ಸೋಪು ಹೋಯಿತು, ಎಣ್ಣೆ ಹೋಯಿತು, ಹೆಂಡತಿಯ ಮುಖದ ಕ್ರೀಮೂ ಹೋಯಿತು. ನಿಷ್ಪಕ್ಷಪಾತಿಯಾದ ನಾನು, ಗಡ್ಡ ಬೋಳಿಸಿಕೊಂಡ ಮೇಲೆ ಹಚ್ಚಿಕೊಳ್ಳುವ ನನ್ನ ಲೋಷನ್ನನ್ನೂ ತನಿಖೆಗೆ ಒಡ್ಡಿದೆ. ನೀರು, ಆಲ್ಕೋಹಾಲು, ಸುಗಂಧ. ಮೂರೇ ಪದ. ಅದನ್ನು ಗೌರವಪೂರ್ವಕವಾಗಿ ಬಿಡುಗಡೆ ಮಾಡಿದೆ.

ಕೊನೆಗೆ ಉಳಿದದ್ದು ಅತ್ತೆಯವರ ಮುಲಾಮು. ಮಗುವನ್ನು ನೋಡಿಕೊಳ್ಳಲೆಂದು ಬಂದಿದ್ದ ಅವರು, ಸ್ನಾನವಾದ ಮೇಲೆ ಮೊಮ್ಮಗಳಿಗೆ ಹಚ್ಚುತ್ತಿದ್ದುದು ಅದನ್ನೇ. ಅದರಲ್ಲಿ ಹದಿಮೂರಕ್ಷರದ ಹೆಸರೊಂದು ಸಿಕ್ಕಿತು. ಅವರಿಗೆ ಕೇಳುವಂತೆ ಗಟ್ಟಿಯಾಗಿ ಓದಿದೆ.

"ಅಂದ್ರೆ ನನ್ನ ಕೈಯಿಂದಲೇ ಆಯ್ತು ಅಂತೀರಾ?" ಎಂದರು ಅತ್ತೆ.

"ಹಾಗಲ್ಲ ಅತ್ತೆ, ಬರೆದಿದ್ದನ್ನ ಓದಿದೆ ಅಷ್ಟೆ."

ಅವರು ಒಳಗೆ ಹೋಗಿ ಬಟ್ಟೆ ಮಡಿಸಿ ಚೀಲಕ್ಕೆ ತುಂಬತೊಡಗಿದರು. ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರ ಸಾರಾಂಶ ಇಷ್ಟು: ಸೋಮವಾರಕ್ಕೆ ಅವಳ ರಜೆ ಮುಗಿಯುತ್ತದೆ, ಅಮ್ಮ ಹೋದರೆ ಮಗುವನ್ನು ನಾನೇ ಅಚ್ಚುಮನೆಗೆ ಹೊತ್ತೊಯ್ಯಬೇಕು. ಆದರೆ ತೀರ್ಪು ಕೊಟ್ಟ ಬಾಯಿಂದ ಕ್ಷಮೆ ಕೇಳುವುದು ಹೇಗೆ? ವೈದ್ಯರೇ ಹೇಳಲಿ ಎಂದೆ. (ಬೀಸೋ ದೊಣ್ಣೆ ತಪ್ಪಿದರೆ ನೂರು ವರ್ಷ ಆಯಸ್ಸು.)

ಮಕ್ಕಳ ವೈದ್ಯೆ ನನ್ನ ತನಿಖೆಯ ಕಥೆಯನ್ನೆಲ್ಲ ಕೇಳಿ, ಮುಲಾಮಿನ ಡಬ್ಬಿ ತಿರುಗಿಸಿ ನೋಡಿ, ಇದರಲ್ಲಿ ಪರಿಮಳವೂ ಇಲ್ಲ, ಬಣ್ಣವೂ ಇಲ್ಲ, ಮಗುವಿಗೆ ಒಳ್ಳೆಯದೇ ಎಂದರು. ಆಮೇಲೆ, ಮನೆಯಲ್ಲಿ ಮಗುವನ್ನು ಹೇಗೆ ಎತ್ತಿಕೊಳ್ಳುತ್ತೀರಿ ತೋರಿಸಿ ಎಂದು ನನಗೆ ಹೇಳಿದರು. ನಾನು ಎಂದಿನಂತೆ ಎಡ ಹೆಗಲಿಗೆ ಹಾಕಿಕೊಂಡು ಕೆನ್ನೆಗೆ ಕೆನ್ನೆ ಒತ್ತಿದೆ. ವೈದ್ಯೆ ಹತ್ತಿರ ಬಂದು ಒಮ್ಮೆ ಉಸಿರೆಳೆದುಕೊಂಡರು.

"ಹೆಸರು ಉದ್ದ ಆದ ಮಾತ್ರಕ್ಕೆ ವಿಷ ಆಗಲ್ಲ ಸ್ವಾಮಿ. ಸುಗಂಧ ಅನ್ನೋ ಒಂದೇ ಪದದ ಹಿಂದೆ ಹತ್ತಾರು ವಸ್ತು ಇರಬಹುದು. ನಿಮಗೆ ಏನೂ ಆಗದ್ದು ಎಳೆ ಚರ್ಮಕ್ಕೆ ಉರಿ. ಒಂದು ವಾರ ನಿಮ್ಮ ಆ ಲೋಷನ್ ಹಚ್ಚಬೇಡಿ, ನೋಡೋಣ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಮನೆ ಸೇರಿದೊಡನೆ ನಾನು ಅತ್ತೆಯ ಮುಂದೆ ನಿಂತು ತಪ್ಪಾಯಿತು ಎಂದೆ. ನಿಜಕ್ಕೂ ನಾಚಿಕೆಯಾಗಿತ್ತು. ಅವರು ಚೀಲದ ಬಟ್ಟೆಗಳನ್ನು ಮತ್ತೆ ಕಪಾಟಿನಲ್ಲಿಟ್ಟರು.

ಲೋಷನ್ ಎಸೆದೆ. ಆ ಒಂದು ವಾರ ನನ್ನನ್ನು ಮಗುವಿನ ಹತ್ತಿರಕ್ಕೂ ಬಿಡಲಿಲ್ಲ. ಗುಳ್ಳೆಗಳೆಲ್ಲ ಮಾಯವಾದವು. ಎಂಟನೆಯ ದಿನ ಬರೀ ನೀರಿನಲ್ಲಿ ಮುಖ ತೊಳೆದು, ಪರಮ ಪರಿಶುದ್ಧ ಪಿತನಾಗಿ ಮಗಳನ್ನು ಎತ್ತಿಕೊಂಡೆ. ಅವಳು ನನ್ನ ಕುತ್ತಿಗೆಗೆ ಮೂಗು ತಂದಳು, ತಲೆ ಹಿಂದಕ್ಕೆಳೆದು ನನ್ನನ್ನು ದಿಟ್ಟಿಸಿದಳು, ಆಮೇಲೆ ಸೂರು ಹಾರಿಹೋಗುವಂತೆ ಅತ್ತಳು. ಅಜ್ಜಿಯ ಕೈಗೆ ಹೋದೊಡನೆ ಸುಮ್ಮನಾದಳು.

"ಬೇಜಾರು ಮಾಡ್ಕೋಬೇಡಿ ಅಳಿಯಂದಿರೇ," ಎಂದರು ಅತ್ತೆ, ಮೊಮ್ಮಗಳ ಬೆನ್ನು ತಟ್ಟುತ್ತ. "ಹೊಸಬರನ್ನ ಕಂಡ್ರೆ ಮಕ್ಕಳು ಹೀಗೇ. ನಾಲ್ಕು ದಿನ ಬಂದು ಹೋಗಿ ಮಾಡ್ತಾ ಇರಿ, ಒಗ್ಗಿಕೊಳ್ತಾಳೆ."